ಹಳೇ ಬ್ರೌಸರಿನಲ್ಲಿ ಟ್ರಿಮ್ ಕೈಕೊಟ್ಟರೆ

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮ ಊರಿನವರೇ ನಡೆಸುವ ಒಂದು ಕ್ರೆಡಿಟ್ ಸೊಸೈಟಿಯ ಸಾಫ್ಟ್‌ವೇರ್ ನಾನು ನೋಡಿಕೊಳ್ಳುತ್ತೇನೆ. ಹೊಸ ಸದಸ್ಯರನ್ನು ಸೇರಿಸುವ ಫಾರ್ಮ್‌ನಲ್ಲಿ ಹೆಸರಿನ ಹಿಂದೆ ಮುಂದೆ ಬರುವ ಸ್ಪೇಸ್ ತೆಗೆಯಲು ಜಾವಾಸ್ಕ್ರಿಪ್ಟಿನ ಟ್ರಿಮ್ ಹಾಕಿದ್ದೇನೆ. ನನ್ನ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಎಲ್ಲ ಸರಿ ಇದೆ. ಆದರೆ ಶಾಖೆಗಳ ಕೌಂಟರಿನಲ್ಲಿ ಇನ್ನೂ ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಇದೆ, ಒಂದೆರಡು ಕಡೆ ಎಡ್ಜ್‌ನ ಐಇ ಮೋಡ್, ಅಂದರೆ ಪೇಜನ್ನು ಹಳೇ ಎಕ್ಸ್‌ಪ್ಲೋರರಿನ ಹಾಗೆ ತೆರೆಯುವ ವ್ಯವಸ್ಥೆ. ಅಲ್ಲಿಂದ ಬಂದ ಹೆಸರುಗಳು ಸ್ಪೇಸ್ ಸಮೇತ ಸೇವ್ ಆಗುತ್ತಿವೆ, ಖಾಲಿ ಹೆಸರು ಕೂಡ ಒಳಗೆ ಹೋಗಿದೆ. ಒಬ್ಬರೇ ಸದಸ್ಯರು ಎರಡೆರಡು ಸಲ ಕಾಣಿಸುತ್ತಿದ್ದಾರೆ. ಸರ್ವರಿನಲ್ಲಿ ಪಿಎಚ್‌ಪಿ ಮತ್ತು ಮೈಎಸ್‌ಕ್ಯುಎಲ್. ಏನು ಮಾಡಲಿ?

ಉತ್ತರ: ಮೊದಲು ಕೌಂಟರಿನಲ್ಲಿ ಏನಾಗುತ್ತಿದೆ ಅಂತ ನೋಡೋಣ. ಟ್ರಿಮ್ ಕೆಲಸ ಮಾಡುತ್ತಿಲ್ಲ ಅಂತ ನೀವು ಹೇಳುತ್ತಿದ್ದೀರಿ, ನಿಜ ಹೇಳಬೇಕೆಂದರೆ ಅಲ್ಲಿ ಟ್ರಿಮ್ ಎನ್ನುವುದೇ ಇಲ್ಲ. ಅದು ಜಾವಾಸ್ಕ್ರಿಪ್ಟಿನ ನಿಯಮಾವಳಿಗೆ ಸೇರಿದ್ದು 2009ರ ಡಿಸೆಂಬರಿನಲ್ಲಿ, ಎಕ್ಮಾಸ್ಕ್ರಿಪ್ಟ್ 5 ಬಂದಾಗ. ಫೈರ್‌ಫಾಕ್ಸ್ 3.5ರಲ್ಲಿ ಅದಕ್ಕೂ ಸ್ವಲ್ಪ ಮೊದಲೇ ಬಂದಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಹೊರಬಂದದ್ದು 2009ರ ಮಾರ್ಚಿನಲ್ಲಿ, ಅದಕ್ಕೆ ಈ ವಿಷಯ ಗೊತ್ತಿಲ್ಲ. ಮೈಕ್ರೋಸಾಫ್ಟ್ ಇದನ್ನು ಕೊಟ್ಟದ್ದು 9ರಲ್ಲಿ, ಅಂದರೆ 2011ರಲ್ಲಿ.

ಹಾಗಾಗಿ ಕೌಂಟರಿನವರು ಸಬ್‌ಮಿಟ್ ಒತ್ತಿದಾಗ ನಿಮ್ಮ ಚೆಕ್ ಮಾಡುವ ಫಂಕ್ಷನ್ ಟ್ರಿಮ್ ಇರುವ ಸಾಲಿಗೆ ಬಂದು ಎಡವಿ ಅಲ್ಲೇ ನಿಲ್ಲುತ್ತದೆ. ಸ್ಕ್ರೀನಿನ ಕೆಳಗೆ ಎಡಮೂಲೆಯಲ್ಲಿ ಒಂದು ಸಣ್ಣ ಹಳದಿ ತ್ರಿಕೋನ ಬಂದಿರುತ್ತದೆ. ಅದನ್ನು ಡಬಲ್ ಕ್ಲಿಕ್ ಮಾಡಿದರೆ 'ಆಬ್ಜೆಕ್ಟ್ ಡಸಂಟ್ ಸಪೋರ್ಟ್ ದಿಸ್ ಪ್ರಾಪರ್ಟಿ ಆರ್ ಮೆಥಡ್' ಅಂತ ತೋರಿಸುತ್ತದೆ. ಯಾರು ನೋಡುತ್ತಾರೆ ಅದನ್ನ? ಈಗ ಮುಖ್ಯ ವಿಷಯ. ಫಂಕ್ಷನ್ ಮಧ್ಯದಲ್ಲೇ ಬಿದ್ದರೆ ಕೊನೆಯ 'ರಿಟರ್ನ್ ಫಾಲ್ಸ್' ತನಕ ಹೋಗುವುದೇ ಇಲ್ಲ. ತಡೆಯುವವರು ಯಾರೂ ಇಲ್ಲದ್ದರಿಂದ ಬ್ರೌಸರ್ ಫಾರ್ಮನ್ನು ಸುಮ್ನೆ ಕಳಿಸಿಬಿಡುತ್ತದೆ. ಅಂದರೆ ತಪ್ಪಿಹೋಗಿರುವುದು ಸ್ಪೇಸ್ ತೆಗೆಯುವ ಕೆಲಸ ಒಂದೇ ಅಲ್ಲ, ಆ ಸಾಲಿನ ನಂತರ ನೀವು ಬರೆದ ಅಷ್ಟೂ ಚೆಕ್‌ಗಳು. ಖಾಲಿ ಹೆಸರು ಒಳಗೆ ಹೋದದ್ದು ಹೀಗೆ. ಪ್ಯಾನ್ ನಂಬರ್ 10 ಅಕ್ಷರ ಇದೆಯಾ, ಐಎಫ್‌ಎಸ್‌ಸಿ ಕೋಡ್ 11 ಇದೆಯಾ ಅಂತ ನೋಡುವ ಸಾಲುಗಳು ಅದರ ಕೆಳಗೇ ಇದ್ದರೆ ಆ ಕಾಲಂಗಳನ್ನೂ ಒಮ್ಮೆ ತೆರೆದು ನೋಡಿ.

ಐಇ ಮೋಡ್ ವಿಷಯ ಬೇರೆ. ಎಡ್ಜ್‌ನ ಒಳಗೆ ಓಡುವುದು ಇಂಟರ್ನೆಟ್ ಎಕ್ಸ್‌ಪ್ಲೋರರ್ 11ರ ಎಂಜಿನ್, ಅದಕ್ಕೆ ಟ್ರಿಮ್ ಚೆನ್ನಾಗಿ ಗೊತ್ತು. ಆದರೂ ಕೈಕೊಡುವುದಕ್ಕೆ ಕಾರಣ ಡಾಕ್ಯುಮೆಂಟ್ ಮೋಡ್, ಅಂದರೆ ಪೇಜನ್ನು ಯಾವ ವರ್ಷನ್ನಿನ ಹಾಗೆ ತೆರೆಯಬೇಕು ಎನ್ನುವ ಸೆಟ್ಟಿಂಗ್. ಪೇಜ್ 7 ಅಥವಾ 8ರ ಮೋಡಿನಲ್ಲಿ ತೆರೆದುಕೊಂಡರೆ 11 ಕೂಡ ತನ್ನ ಅಜ್ಜನ ಹಾಗೆ ನಟಿಸುತ್ತದೆ, ಟ್ರಿಮ್ಮನ್ನು ಬಚ್ಚಿಡುತ್ತದೆ. ಇಂಟ್ರಾನೆಟ್ ಪೇಜುಗಳನ್ನು ಕಂಪ್ಯಾಟಿಬಿಲಿಟಿ ವ್ಯೂನಲ್ಲಿ, ಅಂದರೆ ಹಳೇ ಮೋಡಿನಲ್ಲಿ, ತೆರೆ ಎನ್ನುವ ಟಿಕ್ ಎಕ್ಸ್‌ಪ್ಲೋರರಿನಲ್ಲಿ ಮೊದಲಿನಿಂದಲೇ ಹಾಕಿರುತ್ತಿತ್ತು. ನಿಮ್ಮ ಸಾಫ್ಟ್‌ವೇರ್ ಆಫೀಸಿನ ಒಳಗಿನ ಸರ್ವರಿನಲ್ಲೇ ಇದ್ದು, ಬರೇ ಒಂದು ಮಷಿನ್ ಹೆಸರಿನಿಂದ ತೆರೆಯುತ್ತಿದ್ದರೆ ಇದೇ ಕಾರಣ ಇರಬಹುದು. ಪೇಜಿನ ಮೊದಲ ಸಾಲಿನಲ್ಲಿ ಡಾಕ್‌ಟೈಪ್, ಅಂದರೆ ಇದು ಎಂಥ ಎಚ್‌ಟಿಎಂಎಲ್ ಅಂತ ಹೇಳುವ ಗುರುತು, ಇದೆಯಾ ನೋಡಿ. ಎಕ್ಸ್-ಯುಎ-ಕಂಪ್ಯಾಟಿಬಲ್ ಎನ್ನುವ ಹೆಡರಿನಲ್ಲಿ 'ಐಇ=ಎಡ್ಜ್' ಅಂತ ಸರ್ವರಿನಿಂದ ಕಳಿಸಿ. ಐಇ ಮೋಡಿಗೆ ಪೇಜುಗಳ ಪಟ್ಟಿ ಮಾಡಿಕೊಟ್ಟವರು ಅದರಲ್ಲಿ ಯಾವ ಮೋಡ್ ಬರೆದಿದ್ದಾರೆ ಅಂತಲೂ ವಿಚಾರಿಸಿ.

ಇಷ್ಟಾದ ಮೇಲೆ ಔಷಧಿ. ಬ್ರೌಸರಿನಲ್ಲಿ ಟ್ರಿಮ್ ಇಲ್ಲದಿದ್ದರೆ ನಾವೇ ಒಂದನ್ನು ಕೊಡಬಹುದು. ಸ್ಟ್ರಿಂಗ್‌ನ ಪ್ರೋಟೋಟೈಪಿನಲ್ಲಿ, ಅಂದರೆ ಎಲ್ಲ ಸ್ಟ್ರಿಂಗುಗಳಿಗೂ ಸಿಗುವ ಫಂಕ್ಷನ್‌ಗಳು ಇರುವ ಜಾಗದಲ್ಲಿ, ಟ್ರಿಮ್ ಇದೆಯಾ ಅಂತ ಇಫ್ ಹಾಕಿ ನೋಡಿ, ಇಲ್ಲದಿದ್ದರೆ ಮಾತ್ರ ನಮ್ಮ ಫಂಕ್ಷನ್ ಅಲ್ಲಿ ಕೂರಿಸಿ. ಬ್ರೌಸರಿನ ಹೆಸರು, ವರ್ಷನ್ ಕೇಳಿ ತೀರ್ಮಾನ ಮಾಡುವ ಹಳೇ ಚಾಳಿ ಬೇಡ, ಈಗಷ್ಟೇ ನೋಡಿದಿರಲ್ಲ, 11 ಅಂತ ಹೇಳಿಕೊಂಡು 7ರ ಹಾಗೆ ವರ್ತಿಸುವ ಪ್ರಾಣಿ ಅದು. ಈ ಸ್ಕ್ರಿಪ್ಟ್ ಬೇರೆಲ್ಲ ಸ್ಕ್ರಿಪ್ಟ್‌ಗಳಿಗಿಂತ ಮೇಲೆ ಇರಬೇಕು.

ಒಳಗೆ ಬರೆಯುವುದು ಎರಡು ರಿಪ್ಲೇಸ್. ಒಂದು ಶುರುವಿನ ಸ್ಪೇಸ್‌ಗೆ, ಇನ್ನೊಂದು ಕೊನೆಯ ಸ್ಪೇಸ್‌ಗೆ. ಎಲ್ಲರೂ ಬರೆಯುವುದು ಕ್ಯಾರೆಟ್ ಚಿಹ್ನೆ, ಬ್ಯಾಕ್‌ಸ್ಲ್ಯಾಶ್ ಎಸ್, ಪ್ಲಸ್. ಹಾಗೆಯೇ ಬ್ಯಾಕ್‌ಸ್ಲ್ಯಾಶ್ ಎಸ್, ಪ್ಲಸ್, ಡಾಲರ್ ಚಿಹ್ನೆ. ಕ್ಯಾರೆಟ್ ಅಂದರೆ ಶುರು, ಬ್ಯಾಕ್‌ಸ್ಲ್ಯಾಶ್ ಎಸ್ ಅಂದರೆ ಯಾವುದೇ ಸ್ಪೇಸ್, ಪ್ಲಸ್ ಅಂದರೆ ಒಂದೋ ಹೆಚ್ಚೋ, ಡಾಲರ್ ಅಂದರೆ ಕೊನೆ. ಇದು ಹೊಸ ಬ್ರೌಸರಿನಲ್ಲಿ ಸಾಕು. ಹಳೇ ಎಕ್ಸ್‌ಪ್ಲೋರರಿನಲ್ಲಿ ಸಾಲದು. ಅದರ ಬ್ಯಾಕ್‌ಸ್ಲ್ಯಾಶ್ ಎಸ್‌ಗೆ ನಾನ್-ಬ್ರೇಕಿಂಗ್ ಸ್ಪೇಸ್, ಅಂದರೆ ಎಚ್‌ಟಿಎಂಎಲ್‌ನಲ್ಲಿ ನಾವು ಎನ್‌ಬಿಎಸ್‌ಪಿ ಅಂತ ಬರೆಯುವ 160ನೇ ನಂಬರಿನ ಅಕ್ಷರ, ಸ್ಪೇಸ್ ಅಂತ ಅನಿಸುವುದೇ ಇಲ್ಲ. ವರ್ಡ್ ಫೈಲಿನಿಂದಲೋ ಇನ್ನೊಂದು ವೆಬ್ ಪೇಜಿನಿಂದಲೋ ಹೆಸರು ಕಾಪಿ ಮಾಡಿ ಪೇಸ್ಟ್ ಮಾಡಿದಾಗ ಇದು ಬಾಲದ ಹಾಗೆ ಅಂಟಿಕೊಂಡು ಬರುತ್ತದೆ, ಕಣ್ಣಿಗೆ ಸಾಮಾನ್ಯ ಸ್ಪೇಸಿನ ಹಾಗೇ ಕಾಣುತ್ತದೆ. ಆದ್ದರಿಂದ ಚೌಕ ಬ್ರಾಕೆಟ್ ಹಾಕಿ, ಅದರೊಳಗೆ ಬ್ಯಾಕ್‌ಸ್ಲ್ಯಾಶ್ ಎಸ್ ಜೊತೆಗೆ 160 ಮತ್ತು 65279, ಇವೆರಡನ್ನೂ ಹೆಸರಿಟ್ಟು ಸೇರಿಸಿ. ಬರೆಯುವಾಗ ಬ್ಯಾಕ್‌ಸ್ಲ್ಯಾಶ್ ಯು ಹಾಕಿ 00ಎ0, ಎಫ್‌ಇಎಫ್‌ಎಫ್ ಅಂತ. ಎರಡನೆಯದು ಬಿಒಎಂ, ಕೆಲವು ಫೈಲುಗಳ ತಲೆಯಲ್ಲಿ ಕೂತಿರುವ ಕಾಣದ ಗುರುತು. ಜೆಕ್ವೆರಿ ಎನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯವರೂ ತಮ್ಮ ಟ್ರಿಮ್‌ನಲ್ಲಿ ಇದನ್ನೇ ಮಾಡಿಕೊಂಡಿದ್ದರು.

ಜೆಕ್ವೆರಿ ಈಗಾಗಲೇ ಪೇಜಿನಲ್ಲಿದ್ದರೆ ಡಾಲರ್ ಡಾಟ್ ಟ್ರಿಮ್ ಬಳಸಿ, ಮುಗಿಯಿತು. ಆದರೆ 1.ಎಕ್ಸ್ ಸಾಲಿನದ್ದೇ ಇರಬೇಕು, ಕೊನೆಯದು 1.12. 2013ರ 2.0ದಿಂದ ಅವರು ಎಕ್ಸ್‌ಪ್ಲೋರರ್ 8ನ್ನು ಕೈಬಿಟ್ಟರು. ಇದೊಂದಕ್ಕೋಸ್ಕರ ಜೆಕ್ವೆರಿ ತರಬೇಡಿ.

ಕೆಲವರು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಮೇಲೆ ಹೇಳಿದಂಥ ಪ್ಯಾಟರ್ನ್, ಬೇಡ ಅಂತ ಲೂಪ್ ಬರೆಯುತ್ತಾರೆ. ಸ್ಪೇಸ್ ಅಕ್ಷರಗಳನ್ನೆಲ್ಲ ಒಂದು ಸ್ಟ್ರಿಂಗಿನಲ್ಲಿ ಪಟ್ಟಿ ಮಾಡಿ, ಹೆಸರಿನ ಒಂದೊಂದೇ ಅಕ್ಷರ ಅದರಲ್ಲಿದೆಯಾ ಅಂತ ನೋಡುವುದು. ತಪ್ಪಿಲ್ಲ, ಆದರೆ ಇಲ್ಲಿ ಒಂದು ಮಜವಾದ ಗುಂಡಿ ಇದೆ. ಪಟ್ಟಿಯಲ್ಲಿ ವರ್ಟಿಕಲ್ ಟ್ಯಾಬ್‌ಗೆ ಬ್ಯಾಕ್‌ಸ್ಲ್ಯಾಶ್ ವಿ ಅಂತ ಬರೆದರೆ ಎಕ್ಸ್‌ಪ್ಲೋರರ್ 8 ಮತ್ತು ಅದಕ್ಕಿಂತ ಹಳೆಯವು ಬ್ಯಾಕ್‌ಸ್ಲ್ಯಾಶನ್ನು ನುಂಗಿ, ಬರೇ ಇಂಗ್ಲಿಷಿನ ಸಣ್ಣ 'ವಿ' ಅಕ್ಷರ ಅಂತ ಓದುತ್ತವೆ. ಈಗ ನಿಮ್ಮ ಟ್ರಿಮ್‌ಗೆ 'ವಿ' ಕೂಡ ಒಂದು ಸ್ಪೇಸ್. ವಿನಾಯಕ, ವಸಂತ, ವಿಜಯಾ, ಇವರೆಲ್ಲ ಸಣ್ಣಕ್ಷರದಲ್ಲಿ ಇಮೇಲ್ ಹಾಕಿದರೆ ಮೊದಲ ಅಕ್ಷರ ಮಾಯ. ಕ್ರೋಮ್‌ನಲ್ಲಿ ಎಷ್ಟು ಟೆಸ್ಟ್ ಮಾಡಿದರೂ ಸಿಗದ ತೊಂದರೆ ಇದು. ವರ್ಟಿಕಲ್ ಟ್ಯಾಬ್‌ನ ಅಕ್ಷರ ಸಂಖ್ಯೆ 11, ಅಲ್ಲಿ ಅದನ್ನೇ ಕೋಡ್ ಆಗಿ ಬರೆಯಿರಿ. ಇನ್ನೊಂದು, ಲೂಪಿನಲ್ಲಿ ಅಕ್ಷರ ತೆಗೆಯಲು ಚೌಕ ಬ್ರಾಕೆಟ್ ಬೇಡ, ಚಾರ್‌ಅಟ್ ಬಳಸಿ. 7ರ ಮೋಡಿನಲ್ಲಿ ಸ್ಟ್ರಿಂಗಿಗೆ ಚೌಕ ಬ್ರಾಕೆಟ್ ನಡೆಯುವುದಿಲ್ಲ.

ಇದನ್ನೆಲ್ಲ ಪರೀಕ್ಷೆ ಮಾಡುವಾಗ ಕನ್ಸೋಲ್ ಡಾಟ್ ಲಾಗ್, ಅಂದರೆ ಪರೀಕ್ಷೆಗೆ ಸಂದೇಶ ತೋರಿಸುವ ಸಾಲು, ಬಿಟ್ಟು ಬರಬೇಡಿ. 8 ಮತ್ತು 9ರಲ್ಲಿ ಎಫ್12 ಕಿಟಕಿ ತೆರೆದಾಗ ಮಾತ್ರ ಕನ್ಸೋಲ್ ಹುಟ್ಟುತ್ತದೆ. ನೀವು ಎಫ್12 ಒತ್ತಿ ನೋಡಿದರೆ ಎಲ್ಲ ಸರಿ, ಮುಚ್ಚಿ ಎದ್ದುಹೋದರೆ ಮತ್ತೆ ಹಾಳು. ಕೌಂಟರಿನವರು ನಿಮ್ಮನ್ನು ಹುಚ್ಚ ಅಂದುಕೊಳ್ಳುತ್ತಾರೆ.

ಟ್ರಿಮ್ ಯಾವಾಗ ಮಾಡಬೇಕು ಅಂತಲೂ ನೋಡಿ. ಒಂದೊಂದು ಕೀ ಒತ್ತಿದಾಗಲೂ ಮಾಡಬೇಡಿ. 'ಮೋಹನ್' ಬರೆದು ಸ್ಪೇಸ್ ಒತ್ತಿದ ತಕ್ಷಣ ಆ ಸ್ಪೇಸ್ ಕೊನೆಯಲ್ಲಿದೆ ಅಂತ ತೆಗೆದುಹಾಕಿದರೆ ಪಾಪ ಅವರು 'ಶೆಟ್ಟಿ' ಬರೆಯುವುದು ಹೇಗೆ? ಫೀಲ್ಡ್ ಬಿಟ್ಟು ಮುಂದೆ ಹೋದಾಗ, ಮತ್ತೆ ಸಬ್‌ಮಿಟ್ ಆಗುವಾಗ ಮಾಡಿ. ಮೊತ್ತದ ಫೀಲ್ಡಿನಲ್ಲಿ ಜಾಸ್ತಿ ಎಚ್ಚರ ಬೇಕು. ಯಾರೋ ಒಂದು ಸ್ಪೇಸ್ ಒತ್ತಿ ಬಿಟ್ಟರೆ ಅದು ಖಾಲಿ ಅಲ್ಲ, ಹಾಗಾಗಿ 'ಖಾಲಿ ಇದೆಯಾ' ಚೆಕ್ ಪಾಸಾಗುತ್ತದೆ. ಆಮೇಲೆ ನಂಬರ್ ಫಂಕ್ಷನ್ನಿಗೆ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಸೊನ್ನೆ ಮಾಡಿಕೊಡುತ್ತದೆ, ತಪ್ಪು ಅಂತ ಕೂಗುವುದಿಲ್ಲ. ಠೇವಣಿ ಸೊನ್ನೆ ರೂಪಾಯಿ. ಎಚ್‌ಟಿಎಂಎಲ್‌ನಲ್ಲಿ ಫೀಲ್ಡ್ ತುಂಬಲೇಬೇಕು ಅಂತ ಹೇಳುವ ರಿಕ್ವೈರ್ಡ್ ಕೂಡ ಇಂಥದ್ದೇ, ಟೆಕ್ಸ್ಟ್ ಫೀಲ್ಡಿನಲ್ಲಿ ಒಂದು ಸ್ಪೇಸ್ ಇದ್ದರೆ ತುಂಬಿದೆ ಅಂತ ಒಪ್ಪುತ್ತದೆ. 9 ಮತ್ತು ಹಳೆಯವುಗಳಿಗೆ ಅದು ಅರ್ಥವೂ ಆಗುವುದಿಲ್ಲ. ಇಮೇಲ್ ಟೈಪಿನ ಫೀಲ್ಡ್ ಇನ್ನೂ ಮೋಸ. ಹೊಸ ಬ್ರೌಸರ್ ಅದರ ಹಿಂದೆ ಮುಂದೆ ಇರುವ ಸ್ಪೇಸನ್ನು ತಾನೇ ತೆಗೆದು ಕೊಡುತ್ತದೆ, ಹಳೆಯದು ಅದನ್ನು ಸಾಮಾನ್ಯ ಟೆಕ್ಸ್ಟ್ ಅಂತ ತಿಳಿದು ಇದ್ದದ್ದು ಇದ್ದ ಹಾಗೆ ಕಳಿಸುತ್ತದೆ. ಪಾಸ್‌ವರ್ಡನ್ನು ಮಾತ್ರ ಮುಟ್ಟಬೇಡಿ, ಸ್ಪೇಸ್ ಅಲ್ಲಿ ಬೇಕೆಂದೇ ಹಾಕಿರಬಹುದು.

ಇಲ್ಲಿಯವರೆಗೆ ಹೇಳಿದ್ದನ್ನು ಮಾಡಿದರೆ ಕೌಂಟರ್ ಸರಿಹೋಗುತ್ತದೆ, ಡೂಪ್ಲಿಕೇಟ್ ಮಾತ್ರ ಪೂರ್ತಿ ನಿಲ್ಲುವುದಿಲ್ಲ. ನಿಮ್ಮ ಸದಸ್ಯರ ಹೆಸರು ಕನ್ನಡದಲ್ಲೂ ಇದೆ ಅಲ್ವಾ? ಊರಿನವರದ್ದೇ ಸೊಸೈಟಿ ಅಂದಮೇಲೆ ಇರಲೇಬೇಕು. ಹಾಗಿದ್ದರೆ ನಿಜವಾದ ತಲೆನೋವು ಇಲ್ಲಿಂದ ಶುರು.

'ರಾಜ್‌ಕುಮಾರ್' ಅಂತ ಕನ್ನಡದಲ್ಲಿ ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗಿ ಬರದಂತೆ ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವೆ. ಯೂನಿಕೋಡಿನಲ್ಲಿ ಅದು 8204, ಝಡ್‌ಡಬ್ಲ್ಯುಎನ್‌ಜೆ ಅಂತ ಕರೆಯುತ್ತಾರೆ. ಕೆಲವು ಟೈಪಿಂಗ್ ಸಾಫ್ಟ್‌ವೇರ್‌ಗಳು ಹೆಸರು ಅರ್ಧಾಕ್ಷರದಲ್ಲಿ ಮುಗಿದಾಗಲೂ ಇದನ್ನು ತಾವೇ ಸೇರಿಸುತ್ತವೆ. ಮೋಹನ್, ಪ್ರಕಾಶ್, ರಾವ್, ಎಲ್ಲದರ ಕೊನೆಗೂ. ಬೇರೆ ಕೀಬೋರ್ಡಿನಲ್ಲಿ ಬರೆದರೆ ಇರುವುದಿಲ್ಲ. ಥಾಣೆ ಶಾಖೆಯ 'ಮೋಹನ್' ಮತ್ತು ಡೊಂಬಿವಲಿಯ 'ಮೋಹನ್' ಪ್ರಿಂಟಿನಲ್ಲಿ ಒಂದೇ ಥರ ಕಾಣುತ್ತಾರೆ, ಕಂಪ್ಯೂಟರಿಗೆ ಬೇರೆ ಬೇರೆ. ಇದು ಸ್ಪೇಸ್ ಅಲ್ಲ, ಆದ್ದರಿಂದ ಎಷ್ಟೇ ಹೊಸ ಬ್ರೌಸರಿನ ಟ್ರಿಮ್ ಆದರೂ ತೆಗೆಯುವುದಿಲ್ಲ. 8203, ಅಂದರೆ ಅಗಲವೇ ಇಲ್ಲದ ಸ್ಪೇಸ್ ಅಂತ ಹೆಸರಿರುವುದನ್ನೂ ತೆಗೆಯುವುದಿಲ್ಲ, ಹೆಸರಿನಲ್ಲಿ ಸ್ಪೇಸ್ ಇದ್ದರೂ.

ಹಾಗಂತ ಝಡ್‌ಡಬ್ಲ್ಯುಎನ್‌ಜೆ ಕಂಡಲ್ಲೆಲ್ಲ ಕಿತ್ತುಹಾಕಬೇಡಿ. ನಡುವೆ ಇರುವುದನ್ನು ತೆಗೆದರೆ ರಾಜ್‌ಕುಮಾರ್ ಅವರು 'ರಾಜ್ಕುಮಾರ್' ಆಗುತ್ತಾರೆ, ಪಾಸ್‌ಬುಕ್ ನೋಡಿ ಬೈಯುತ್ತಾರೆ. ಅದರ ಜೊತೆಯ 8205, ಝಡ್‌ಡಬ್ಲ್ಯುಜೆ, ಮರಾಠಿಯ ಕೆಲವು ಅಡ್ಡಹೆಸರುಗಳಲ್ಲಿ ಬರುವ ವಿಶೇಷ ರಕಾರಕ್ಕೂ ಬಳಕೆಯಲ್ಲಿದೆ. ಮುಂಬೈಯಲ್ಲಿದ್ದು ಅದನ್ನು ಕೆಡಿಸುವುದು ಬೇಡ. ತುದಿಯಲ್ಲಿ ಇರುವುದನ್ನು, ಮತ್ತೆ ಸ್ಪೇಸಿನ ಪಕ್ಕದಲ್ಲಿ ಇರುವುದನ್ನು ಮಾತ್ರ ತೆಗೆಯಿರಿ, ಅಲ್ಲಿ ಅದಕ್ಕೆ ಏನೂ ಕೆಲಸವಿಲ್ಲ. ಇನ್ನು, ಹೆಸರು ಕ್ಲೀನ್ ಮಾಡುತ್ತೇನೆ ಅಂತ ಬ್ಯಾಕ್‌ಸ್ಲ್ಯಾಶ್ ದೊಡ್ಡ ಡಬ್ಲ್ಯು, ಅಂದರೆ ಅಕ್ಷರ ಅಲ್ಲದ್ದೆಲ್ಲ ಅಂತ ಹೇಳುವ ಪ್ಯಾಟರ್ನ್, ಹಾಕಿ ತೆಗೆದರೆ ಇಡೀ ಕನ್ನಡ ಹೆಸರೇ ಖಾಲಿಯಾಗುತ್ತದೆ. ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ ಅಕ್ಷರ ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಅಷ್ಟೇ.

ಮೊಬೈಲ್ ನಂಬರ್, ಅಕೌಂಟ್ ನಂಬರ್ ಬೇರೆ ಕಡೆಯಿಂದ ಕಾಪಿ ಮಾಡಿದಾಗ 8206, 8234, 8236 ಇಂಥ ದಿಕ್ಕು ಹೇಳುವ ಗುರುತುಗಳು ಅಂಟಿಕೊಂಡು ಬರುವುದುಂಟು. ಆ ಫೀಲ್ಡುಗಳಿಗೆ ಟ್ರಿಮ್ ಗೊಡವೆಯೇ ಬೇಡ, ಅಂಕಿ ಅಲ್ಲದ್ದನ್ನೆಲ್ಲ ತೆಗೆದುಬಿಡಿ. ಏನು ಅಂಟಿದೆ ಅಂತ ಅನುಮಾನ ಬಂದರೆ ಕೊನೆಯ ಅಕ್ಷರಕ್ಕೆ ಚಾರ್‌ಕೋಡ್‌ಅಟ್ ಹಾಕಿ ನಂಬರ್ ನೋಡಿ. 32 ಬಂದರೆ ಮಾಮೂಲಿ ಸ್ಪೇಸ್, 160 ಬಂದರೆ ವರ್ಡಿನ ಉಪಕಾರ, 8204 ಬಂದರೆ ಕನ್ನಡ ಕೀಬೋರ್ಡ್.

ಈಗ ಸರ್ವರ್. ಬ್ರೌಸರಿನಲ್ಲಿ ಮಾಡುವುದೆಲ್ಲ ಬಳಸುವವರ ಅನುಕೂಲಕ್ಕೆ. ಡೇಟಾಬೇಸಿಗೆ ಏನು ಹೋಗಬೇಕು ಅಂತ ತೀರ್ಮಾನ ಆಗಬೇಕಾದ್ದು ಸರ್ವರಿನಲ್ಲಿ, ಒಂದೇ ಫಂಕ್ಷನ್ನಿನಲ್ಲಿ. ಅದು ಇದ್ದಿದ್ದರೆ ಎಕ್ಸ್‌ಪ್ಲೋರರ್ 8 ಏನೇ ಕಳಿಸಿದರೂ ನಿಮಗೆ ಈ ಪ್ರಶ್ನೆ ಬರುತ್ತಿರಲಿಲ್ಲ. ಪಿಎಚ್‌ಪಿಯ ಟ್ರಿಮ್ ಮಾಮೂಲಿ ಸ್ಪೇಸ್, ಟ್ಯಾಬ್, ಹೊಸ ಸಾಲು ಇಂಥವನ್ನು ತೆಗೆಯುತ್ತದೆ, 160 ತೆಗೆಯುವುದಿಲ್ಲ. ಅದಕ್ಕೆ ಕೆಲವರು ಟ್ರಿಮ್‌ನ ಎರಡನೇ ಜಾಗದಲ್ಲಿ 160ರ ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಬೈಟುಗಳನ್ನು, ಅಂದರೆ ಸಿ2 ಮತ್ತು ಎ0, ಸೇರಿಸುತ್ತಾರೆ. ಇಂಗ್ಲಿಷ್ ಹೆಸರಿಗೆ ಏನೂ ಆಗುವುದಿಲ್ಲ. ಕನ್ನಡಕ್ಕೆ ಆಗುತ್ತದೆ. ಪಿಎಚ್‌ಪಿಯ ಟ್ರಿಮ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ನಮ್ಮ 'ಠ' ಅಕ್ಷರ ಯುಟಿಎಫ್-8ನಲ್ಲಿ ಇ0, ಬಿ2, ಎ0 ಎನ್ನುವ ಮೂರು ಬೈಟ್. ಕೊನೆಯದು ಎ0! ಹಾಗಾಗಿ ಹಿರೇಮಠ, ನೀಲಕಂಠ, ಶ್ರೀಕಂಠ, ಇವರ ಹೆಸರಿನ ಕೊನೆಯ ಬೈಟನ್ನು ಅದು ಸ್ಪೇಸ್ ಅಂತ ಕತ್ತರಿಸುತ್ತದೆ, ಉಳಿದ ಎರಡು ಬೈಟ್ ಅರ್ಥವಿಲ್ಲದ ಚೂರು. ಸ್ಕ್ರೀನಿನಲ್ಲಿ 'ಹಿರೇಮ' ಅಂತ ಬಂದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಅಥವಾ ಮೈಎಸ್‌ಕ್ಯುಎಲ್ ಸೇವ್ ಮಾಡಲಿಕ್ಕೇ ಒಪ್ಪುವುದಿಲ್ಲ. ಮುಂಬೈ, ಪುಣೆಯಲ್ಲಿ ಹಿರೇಮಠರು ಕಡಿಮೆಯೇನಿಲ್ಲ. ಅದರ ಬದಲು ಪಿಎಚ್‌ಪಿಯಲ್ಲಿ ಪ್ಯಾಟರ್ನ್ ಕೊಟ್ಟು ತೆಗೆಯುವ ಪ್ರೆಗ್ ರಿಪ್ಲೇಸ್ ಬಳಸಿ, ಪ್ಯಾಟರ್ನಿನ ಕೊನೆಯಲ್ಲಿ 'ಯು' ಹಾಕುವುದನ್ನು ಮರೆಯಬೇಡಿ, ಆಗ ಬೈಟ್ ಬಿಟ್ಟು ಅಕ್ಷರ ನೋಡುತ್ತದೆ. ಪಿಎಚ್‌ಪಿ 8.4 ಇದ್ದರೆ ಎಂಬಿ ಟ್ರಿಮ್ ಅಂತಲೇ ಒಂದು ಬಂದಿದೆ, 160ಕ್ಕೆ ಅದು ಸಾಕು, 8204ಕ್ಕೆ ನೀವೇ ಹೇಳಬೇಕು.

ವಿಳಾಸದಂಥ ಉದ್ದದ ಫೀಲ್ಡ್ ಇದ್ದರೆ ಮೊದಲು ಉದ್ದ ಎಷ್ಟಿದೆ ನೋಡಿ, ಆಮೇಲೆ ಟ್ರಿಮ್ ಮಾಡಿ. 9 ಮತ್ತು ಹಳೆಯ ಎಕ್ಸ್‌ಪ್ಲೋರರ್‌ಗಳು ಟೆಕ್ಸ್ಟ್‌ಏರಿಯಾದ ಮ್ಯಾಕ್ಸ್‌ಲೆಂಗ್ತ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉದ್ದ ನೋಡದೆ ಕೊನೆಯ ಸ್ಪೇಸ್ ಹುಡುಕಿದರೆ ಏನಾಗಬಹುದು ಅನ್ನುವುದಕ್ಕೆ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರದ ಸೈಟ್ ಸ್ಟ್ಯಾಕ್ ಓವರ್‌ಫ್ಲೋ ಕಥೆ ಇದೆ. 2016ರ ಜುಲೈ 20ರಂದು ಅದು 34 ನಿಮಿಷ ಮಲಗಿತ್ತು. ಕಾರಣ ಒಂದು ಟ್ರಿಮ್ ಪ್ಯಾಟರ್ನ್, ಅದರಲ್ಲೂ ಬ್ಯಾಕ್‌ಸ್ಲ್ಯಾಶ್ ಎಸ್ ಜೊತೆಗೆ ನಮ್ಮ ಇದೇ 8204 ಇತ್ತು. ಯಾರೋ ಹಾಕಿದ ಬರಹದ ನಡುವೆ ಸುಮಾರು 20,000 ಸ್ಪೇಸ್ ಸಾಲಾಗಿದ್ದವು, ಅವುಗಳ ನಂತರ ಬೇರೆ ಅಕ್ಷರ. ಎಂಜಿನ್ ಮೊದಲ ಸ್ಪೇಸಿನಿಂದ ಹೊರಟು ಅಷ್ಟನ್ನೂ ದಾಟಿ, ಕೊನೆ ಸಿಗಲಿಲ್ಲ ಅಂತ ವಾಪಸ್ ಬಂದು, ಎರಡನೆಯದರಿಂದ ಮತ್ತೆ ಹೊರಟು, ಮೂರನೆಯದರಿಂದ ಮತ್ತೆ... ಒಟ್ಟು ಸುಮಾರು 20 ಕೋಟಿ ಸಲ ನೋಡಬೇಕಾಯಿತು. ಕೊನೆಯಿಂದ ಹಿಂದಕ್ಕೆ ಬರುವ ಸಾದಾ ಲೂಪ್ ಆಗಿದ್ದರೆ ಒಂದೇ ಅಕ್ಷರ ನೋಡಿ ನಿಲ್ಲುತ್ತಿತ್ತು. ಉದ್ದದ ಫೀಲ್ಡಿಗೆ ನಾನು ಲೂಪನ್ನೇ ಇಷ್ಟಪಡುತ್ತೇನೆ. ಹೆಸರಿನಂಥ ಸಣ್ಣದಕ್ಕೆ ಯಾವುದಾದರೂ ಸರಿ.

ಮೈಎಸ್‌ಕ್ಯುಎಲ್ ವರ್ಷನ್ ಯಾವುದು ಅಂತ ನೀವು ಬರೆದಿಲ್ಲ. ಹಳೆಯ ಕೊಲೇಶನ್‌ಗಳಲ್ಲಿ, ಅಂದರೆ ಅಕ್ಷರಗಳನ್ನು ಹೋಲಿಸುವ ನಿಯಮಗಳಲ್ಲಿ, ಕೊನೆಯ ಸ್ಪೇಸ್ ಇದ್ದರೂ ಇಲ್ಲದಿದ್ದರೂ ಎರಡು ಹೆಸರು ಒಂದೇ ಅಂತ ಹೋಲಿಸುತ್ತದೆ. 8.0ರಲ್ಲಿ ತಾನಾಗಿ ಬರುವ ಹೊಸ ಕೊಲೇಶನ್ ಹಾಗೆ ಮಾಡುವುದಿಲ್ಲ, ಸ್ಪೇಸನ್ನೂ ಎಣಿಸುತ್ತದೆ. ಇತ್ತೀಚೆಗೆ ಸರ್ವರ್ ಬದಲಾಯಿಸಿದ್ದರೆ, ಕೊಲೇಶನ್ನೂ ಬದಲಾಗಿದ್ದರೆ, ಎಷ್ಟೋ ವರ್ಷದಿಂದ ಸುಮ್ಮನಿದ್ದ ಸ್ಪೇಸುಗಳು ಈಗ ಡೂಪ್ಲಿಕೇಟ್ ಆಗಿ ಎದ್ದು ಬಂದಿರಬಹುದು.

ಎಕ್ಸ್‌ಪ್ಲೋರರ್ 8 ಇರುವ ಮಷಿನ್‌ಗಳಲ್ಲಿ ವಿಂಡೋಸ್ ಎಕ್ಸ್‌ಪಿ ಇರಬೇಕು ಅಂತ ನನ್ನ ಊಹೆ, ಅದಕ್ಕೆ ಅದೇ ಕೊನೆಯ ಎಕ್ಸ್‌ಪ್ಲೋರರ್. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಸಪೋರ್ಟ್ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಜನರ ದುಡ್ಡು ಇಡುವ ಕಡೆ ಇದನ್ನು ನೆಟ್‌ವರ್ಕಿಗೆ ಹಾಕಿ ಕೂರಿಸುವುದು ಸರಿಯಲ್ಲ ಅಂತ ಕಮಿಟಿಯವರಿಗೆ ಬರೆದೇ ಕೊಡಿ. ಪಾಸ್‌ಬುಕ್ ಪ್ರಿಂಟರಿನ ಡ್ರೈವರ್ ಬೇರೆಯದರಲ್ಲಿ ಸಿಗುವುದಿಲ್ಲ ಅಂತ ಹೇಳುತ್ತಾರೆ, ಗೊತ್ತು. ಹಾಗಿದ್ದರೆ ಆ ಮಷಿನನ್ನು ಪ್ರಿಂಟಿಗಷ್ಟೇ ಇಟ್ಟುಕೊಳ್ಳಲಿ. ಐಇ ಮೋಡಿಗೆ ಕನಿಷ್ಠ 2029ರವರೆಗೆ ಸಪೋರ್ಟ್ ಇದೆ, ಅಲ್ಲಿ ಅಷ್ಟು ಅವಸರವಿಲ್ಲ.

ಇನ್ನು ಈಗಾಗಲೇ ಒಳಗೆ ಹೋಗಿರುವ ಹೆಸರುಗಳು. ಮೊದಲು ಬ್ಯಾಕಪ್. ಆಮೇಲೆ ಹೆಸರಿನ ಕಾಲಂಗೆ, ಅದರ ಬೈಟುಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ, 20ರಿಂದಲೋ ಸಿ2ಎ0ಯಿಂದಲೋ ಇ2808ಸಿಯಿಂದಲೋ ಮುಗಿಯುವ ಸಾಲುಗಳನ್ನು ಹೊರಗೆ ತೆಗೆಯಿರಿ. ಕೊನೆಯದು 8204ರ ಬೈಟುಗಳು. ಶುರುವಿನಲ್ಲಿ ಇರುವುದನ್ನೂ ಹೀಗೇ ಹುಡುಕಿ. ಅವನ್ನು ಸರ್ವರಿನ ಹೊಸ ಫಂಕ್ಷನ್ನಿನಿಂದಲೇ ಒಂದು ಸಲ ದಾಟಿಸಿ, ಹಳೇದು ಹೊಸದು ಎರಡನ್ನೂ ಬೇರೆ ಟೇಬಲ್ಲಿನಲ್ಲಿ ಇಟ್ಟುಕೊಳ್ಳಿ. ಕ್ಲೀನ್ ಆದ ಮೇಲೆ ಒಂದೇ ಆಗಿ ಕಂಡ ಹೆಸರುಗಳನ್ನು ಕ್ವೆರಿ ಬರೆದು ಸೇರಿಸಿಬಿಡಬೇಡಿ. ಮುಂಬೈಯಲ್ಲಿ ಮೋಹನ್ ಶೆಟ್ಟಿ ಅಂತ ಒಂದೇ ಸೊಸೈಟಿಯಲ್ಲಿ ನಾಲ್ಕು ಜನ ಇದ್ದರೂ ಆಶ್ಚರ್ಯವಿಲ್ಲ. ಪ್ಯಾನ್, ಹುಟ್ಟಿದ ತಾರೀಖು ಎರಡೂ ಹೊಂದಿದರೆ ಮಾತ್ರ ಒಂದು ಪಟ್ಟಿ ಮಾಡಿ, ಪ್ರಿಂಟ್ ತೆಗೆದು ಆಯಾ ಶಾಖೆಯ ಮ್ಯಾನೇಜರಿಗೆ ಕೊಡಿ. ಅವರು ಸಹಿ ಹಾಕಿ ವಾಪಸ್ ಕೊಟ್ಟದ್ದನ್ನಷ್ಟೇ ಸೇರಿಸಿ. ಪ್ಯಾನ್ ಕಾಲಂನಲ್ಲೂ ಸ್ಪೇಸ್ ಇರಬಹುದು, ಹೋಲಿಸುವ ಮೊದಲು ಅದನ್ನೂ ಒಂದು ಸಲ ಟ್ರಿಮ್ ಮಾಡಿಕೊಳ್ಳಿ.